ಜೋಡಿ ಕಟ್ಟೋರು ಯಾರು?

(ಪ್ರಸಾರ: 19 ಅಕ್ಟೋಬರ್ 2023, ಗುರುವಾರ)



ಇವತ್ತು ಪುಣೆಯಲ್ಲಿ ಬಾಂಗ್ಲಾದೇಶದ ಜೊತೆ ನಮ್ಮವರ ಮ್ಯಾಚು. ನಾಳೆ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ–ಪಾಕಿಸ್ತಾನ. ಮನೆಮನೆಯ ರಿಮೋಟು ವಿಶ್ವಕಪ್ ಕೈಯಲ್ಲಿದೆ. ಇದರ ನಡುವೆ ನಾನು ಕುಸ್ತಿಯ ವಿಷಯ ತೆಗೆದರೆ, ಇವನಿಗೆ ಬೇರೆ ಕೆಲಸ ಇಲ್ಲೇನು ಅಂತ ಅನ್ನಬಹುದು ನೀವು. ಅನ್ನಿ. ಆದರೆ ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗರ ಮೊಬೈಲು ಒಂದ್ಸಲ ಇಸಗೊಂಡು ನೋಡಿ. ಕ್ರಿಕೆಟ್ಟಿನ ಪಕ್ಕದಲ್ಲೇ ಇನ್ನೊಂದು ಆಟ ಓಡ್ತಿದೆ. ಕಬ್ಬಿಣದ ಬಲೆ ಕಟ್ಟಿದ ಎಂಟು ಮೂಲೆಯ ಕಟಾಂಜನ, ಅದರೊಳಗೆ ಇಬ್ಬರು. ಅದರ ಹೆಸರು ಯುಎಫ್‌ಸಿ. ಆಟದ ಹೆಸರು ಎಂಎಂಎ, ಅಂದರೆ ಮಿಶ್ರ ಸಮರ ಕಲೆ. ನಾಡಿದ್ದು ಶನಿವಾರ ಅಬುಧಾಬಿಯಲ್ಲಿ ಅದರ 294ನೇ ದೊಡ್ಡ ಪ್ರದರ್ಶನ. ಆ ಪಟ್ಟಿಯಲ್ಲಿ ನಮ್ಮ ದೇಶದ ಒಬ್ಬ ಹುಡುಗನ ಹೆಸರಿದೆ. ಹಾಗಾಗಿ ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಇದು ಡಬ್ಲ್ಯೂಡಬ್ಲ್ಯೂಇ ಅಲ್ಲ. ಎರಡೂ ಈಗ ಒಂದೇ ಮಾಲೀಕರ ಕೈಯಲ್ಲಿವೆ, ಹೋದ ತಿಂಗಳಷ್ಟೇ ಟಿಕೆಒ ಅನ್ನೋ ಹೊಸ ಕಂಪನಿಯೊಳಗೆ ಸೇರಿದವು, ಅದು ನಿಜ. ಆದರೆ ಡಬ್ಲ್ಯೂಡಬ್ಲ್ಯೂಇಯಲ್ಲಿ ಯಾರು ಬೀಳಬೇಕು ಅನ್ನೋದನ್ನ ಮೊದಲೇ ಬರೆದಿರ್ತಾರೆ. ಇಲ್ಲಿ ಯಾರೂ ಬರೆದಿರೋದಿಲ್ಲ. ಕೈಗೆ ಹಾಕೋ ಗ್ಲೌಸು ಬರೀ ನಾಲ್ಕು ಔನ್ಸು, ನೂರಾ ಹದಿಮೂರು ಗ್ರಾಂ. ಗುದ್ದಬಹುದು, ಒದೆಯಬಹುದು, ಎತ್ತಿ ಒಗೆಯಬಹುದು, ನೆಲಕ್ಕೆ ಕೆಡವಿ ಕುತ್ತಿಗೆ ಅಮುಕಬಹುದು, ಕೈ ತಿರುವಬಹುದು. ಸಾಕು ಅಂತ ಎದುರಾಳಿಯ ಮೈ ತಟ್ಟಿದರೆ ಮುಗೀತು. ಐದೈದು ನಿಮಿಷದ ಮೂರು ಸುತ್ತು, ಚಾಂಪಿಯನ್ ಪಟ್ಟದ ಕಾದಾಟಕ್ಕೆ ಐದು ಸುತ್ತು.

ನಮ್ಮ ಮಣ್ಣಿನ ಕುಸ್ತಿಗೂ ಇದಕ್ಕೂ ಇರೋ ದೊಡ್ಡ ಫರಕು ಒಂದೇ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿತು ಅಂದ್ರೆ ಚಿತ್, ಆಟ ಮುಗೀತು. ಅಲ್ಲಿ ಬೆನ್ನು ತಾಗಿದ ಮೇಲೇನೇ ಅರ್ಧ ಆಟ ಶುರು. ಕೆಳಗೆ ಬಿದ್ದವನೂ ಗೆಲ್ಲಬಹುದು. ಇಷ್ಟು ತಿಳಿದರೆ ಶನಿವಾರದ ಆಟ ನಿಮಗೆ ಅರ್ಥವಾಗುತ್ತೆ. ಮಿಕ್ಕಿದ್ದು ನಿಮಗೆ ಗೊತ್ತಿರೋದೇ. ಯಾಕಂದ್ರೆ ನೀವು ಕುಸ್ತಿ ನೋಡಿದ ಊರಿನವರು.

ನಮ್ಮ ಕಡೆ ಜಾತ್ರೆಗೆ ಮೊದಲು ಗೋಡೆಗೆ ಹಚ್ಚೋ ಕುಸ್ತಿ ಪೋಸ್ಟರು ನೆನಪು ಮಾಡಿಕೊಳ್ಳಿ. ಮೇಲೆ ದೇವರ ಚಿತ್ರ. ಕೆಳಗೆ 'ನಂ. 1 ಕುಸ್ತಿ' ಅಂತ ದೊಡ್ಡ ಅಕ್ಷರ, ಎರಡು ಪೈಲ್ವಾನರ ಫೋಟೋ, ಅವರ ಊರು, ಇನಾಮಿನ ಮೊತ್ತ. ಆಮೇಲೆ ನಂ. 2, ನಂ. 3. ಹೊಸಬ ನಂ. 1 ಓದಿ ಮುಂದೆ ಹೋಗ್ತಾನೆ. ಕುಸ್ತಿ ಬಲ್ಲವನು ಹಾಗಲ್ಲ, ಪ್ರತಿ ಜೋಡಿಯ ಮುಂದೂ ನಿಲ್ತಾನೆ. 'ಈ ಜೋಡಿ ಸರಿ ಐತಿ', 'ಇದು ಸರಿ ಇಲ್ಲ ಬಿಡೋ, ಆ ಹುಡುಗಗ ಇನ್ನೂ ವಯಸ್ಸಾಗಿಲ್ಲ' ಅಂತಾನೆ. ಆಟ ಶುರುವಾಗೋ ಮೊದಲೇ ಅವನು ಅರ್ಧ ಆಟ ನೋಡಿರ್ತಾನೆ.

ಮೈಸೂರಿನ ಕಡೆ ಇದಕ್ಕೊಂದು ಹೆಸರೇ ಇದೆ. ದಸರಾ ನಾಡಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ ಕಾರ್ಯಕ್ರಮ' ಅಂತ ನಡೆಯುತ್ತೆ. ಪೈಲ್ವಾನರು ಬಂದು ಹೆಸರು ಕೊಡ್ತಾರೆ. ಹಿರಿಯರು ವಯಸ್ಸು ನೋಡಿ, ತೂಕ ನೋಡಿ, ಎತ್ತರ ನೋಡಿ, ಇವನ ಎದುರಿಗೆ ಇವನು ಅಂತ ಜೋಡಿ ಕಟ್ತಾರೆ. ಕೈ ಕುಲುಕೋದು ಆಮೇಲೆ.

ಈ ಯುಎಫ್‌ಸಿ 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶುರುವಾದಾಗ ಅಲ್ಲಿ ಜೋಡಿ ಕಟ್ಟೋ ಪದ್ಧತಿಯೇ ಇರಲಿಲ್ಲ. ತೂಕದ ವಿಭಾಗ ಇಲ್ಲ. ಸುಮೋದವನ ಎದುರು ಒದೆಯೋನು, ಬಾಕ್ಸಿಂಗ್‌ನವನ ಎದುರು ಕುಸ್ತಿಯವನು. ಯಾರ ವಿದ್ಯೆ ದೊಡ್ಡದು ನೋಡೋಣ ಅಂತ ಬಿಟ್ಟರು. ಆವತ್ತು ಗೆದ್ದಿದ್ದು ಸುಮಾರು 80 ಕೆ.ಜಿ. ತೂಕದ, ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ತನಗಿಂತ ದಪ್ಪ ಇದ್ದವರನ್ನ ನೆಲಕ್ಕೆ ಎಳೆದು ಕುತ್ತಿಗೆ ಅಮುಕಿ ಗೆದ್ದ. ಜಗತ್ತು ಬೆರಗಾಯಿತು. ನಮ್ಮ ಗರಡಿಯವರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ, ನೆಲದ ವಿದ್ಯೆ ಬಲ್ಲವನೇ ಬಲ್ಲವ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದರೂ ಒಂದು ಮಾತು. ಆ ಆಟ ಹಾಗೇ ಮುಂದುವರಿದಿದ್ದರೆ ಜನ ಸಾಯ್ತಿದ್ದರು. ತೂಕದ ವಿಭಾಗ ಬಂತು, ನಿಯಮ ಬಂತು, ವೈದ್ಯರು ಬಂದರು. ಆಮೇಲೆ ಅದು ಆಟ ಆಯ್ತು. ಅಂದರೆ ಆಟವನ್ನ ಉಳಿಸಿದ್ದು ಬಲ ಅಲ್ಲ, ಜೋಡಿ.

ಈಗ ಶನಿವಾರದ ಪೋಸ್ಟರು ಓದೋಣ. ಬಲ್ಲವರ ಹಾಗೆ, ಕೆಳಗಿನಿಂದ ಮೇಲಕ್ಕೆ.

ಕೆಳಗಿನ ಸಾಲಿನಲ್ಲಿ ನಮ್ಮ ಹುಡುಗ. ಅಂಶುಲ್ ಜುಬ್ಲಿ. ಉತ್ತರಾಖಂಡದ ಉತ್ತರಕಾಶಿಯವನು, ವಯಸ್ಸು 28. ತಂದೆ ಬಿಎಸ್‌ಎಫ್. ಈತನಿಗೂ ಸೈನ್ಯ ಸೇರೋ ಆಸೆ ಇತ್ತು. ಗಣಿತ ಓದಿದವನು, ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ ಖರ್ಚು ತೂಗಿಸಿಕೊಂಡು ಈ ಆಟ ಕಲಿತ. ಏಳು ಕಾದಾಟ, ಏಳೂ ಗೆಲುವು. ಈ ಫೆಬ್ರುವರಿಯಲ್ಲಿ ಇಂಡೋನೇಷ್ಯಾದ ಜೆಕಾ ಸರಗಿಯನ್ನ ಎರಡನೇ ಸುತ್ತಿನಲ್ಲಿ ಮುಗಿಸಿ ಯುಎಫ್‌ಸಿಯ ಒಪ್ಪಂದ ಗೆದ್ದುಕೊಂಡ. ಇದಕ್ಕೂ ಮೊದಲು 2017ರಲ್ಲಿ ಭರತ್ ಖಂಡಾರೆ ಶಾಂಘೈನಲ್ಲಿ ಈ ಬಲೆಯೊಳಗೆ ಇಳಿದಿದ್ದ, ಸೋತ. ಅಂದರೆ ಯುಎಫ್‌ಸಿಯಲ್ಲಿ ಭಾರತದ ಬಾವುಟ ಹೊತ್ತು ಯಾರೂ ದೊಡ್ಡ ಹೆಸರು ಮಾಡಿಲ್ಲ. ಆ ಭಾರ ಪೂರ್ತಿ ಈ ಹುಡುಗನ ತಲೆ ಮೇಲಿದೆ.

ಎದುರಾಳಿ ಅಮೆರಿಕದ ಮೈಕ್ ಬ್ರೀಡನ್. ಯುಎಫ್‌ಸಿಯಲ್ಲಿ ಮೂರು ಕಾದಾಟ, ಮೂರೂ ಸೋಲು. ಎಲ್ಲರೂ ಹೇಳ್ತಿರೋದು ಜುಬ್ಲಿಗೆ ಸುಲಭದ ತುತ್ತು ಅಂತ. ನನಗೆ ಹಾಗನ್ನಿಸೋದಿಲ್ಲ. ಎರಡು ಕಾರಣ. ಒಂದು, ಮೂರು ಸಲ ಸೋತವನಿಗೆ ಇದು ಬಹುಶಃ ಕೊನೆಯ ಅವಕಾಶ. ಶನಿವಾರ ಸೋತರೆ ಕೆಲಸ ಹೋಗುತ್ತೆ ಅಂತ ಗೊತ್ತಿರೋ ಮನುಷ್ಯ ಹೇಗೆ ಕಾದಾಡ್ತಾನೆ ಅಂತ ಯೋಚಿಸಿ. ಇನ್ನೊಂದು, ಜುಬ್ಲಿ ಇದುವರೆಗೆ ಕಾದಾಡಿದವರು ಬೇರೆ ಮಟ್ಟದವರು. ಬ್ರೀಡನ್ ಸೋತಿದ್ದರೂ ದೊಡ್ಡವರ ಎದುರು ಸೋತವನು.

ಆದರೆ ನನ್ನ ತಕರಾರು ಇರೋದು ಬೇರೆ ಕಡೆ. ಈ ಬ್ರೀಡನ್ ಆಗಸ್ಟ್ ತಿಂಗಳಲ್ಲಿ ಟೆರನ್ಸ್ ಮೆಕಿನ್ನಿಯ ಎದುರು ಮೊದಲ ಸುತ್ತಿನಲ್ಲೇ ನಾಕೌಟ್ ಆಗಿ ಬಿದ್ದವನು. ತಲೆಗೆ ಪೆಟ್ಟು ತಿಂದು ಸರಿಯಾಗಿ ಎರಡೂವರೆ ತಿಂಗಳೂ ಆಗಿಲ್ಲ, ಮತ್ತೆ ಬಲೆಯೊಳಗೆ. ಈ ಜೋಡಿ ಸರಿ ಇದೆಯೇನ್ರಿ? ಜುಬ್ಲಿಗೆ ಸರಿ ಇರಬಹುದು. ಆ ಇನ್ನೊಬ್ಬನ ತಾಯಿಗೆ ಸರಿ ಇದೆಯಾ? ಈ ಪ್ರಶ್ನೆಯನ್ನ ಸ್ವಲ್ಪ ಹಿಡಿದುಕೊಂಡಿರಿ, ಮತ್ತೆ ಬರ್ತೀನಿ.

ಮೇಲಿನ ಸಾಲಿಗೆ ಹೋಗೋಣ. ಸಯೀದ್ ನುರ್ಮಗೊಮೆದೊವ್ ಮತ್ತು ತಜಕಿಸ್ತಾನದ ಮುಯಿನ್ ಗಫೂರೊವ್. ಈ ಸಯೀದ್, ಖಬೀಬನ ಸಂಬಂಧಿಕ ಅಲ್ಲ, ಹೆಸರು ಮಾತ್ರ ಒಂದೇ. ಇಕ್ರಾಂ ಅಲಿಸ್ಕೆರೊವ್ ಮತ್ತು ಬ್ರೆಜಿಲ್‌ನ ವಾರ್ಲಿ ಆಲ್ವೆಸ್. ಇವೆರಡೂ ಚುರುಕಿನ ಕಾದಾಟ, ನಿದ್ದೆಗೆಟ್ಟು ನೋಡೋರಿಗೆ ನಷ್ಟ ಇಲ್ಲ.

ಅದರ ಮೇಲೆ 93 ಕೆ.ಜಿ. ವಿಭಾಗ. ದಾಗೆಸ್ತಾನದ ಮಗೊಮೆದ್ ಅಂಕಲಾಯೆವ್, ಬ್ರೆಜಿಲ್‌ನ ಜಾನಿ ವಾಕರ್. ಅಂಕಲಾಯೆವ್ ಕಳೆದ ಡಿಸೆಂಬರಿನಲ್ಲಿ ಚಾಂಪಿಯನ್ ಪಟ್ಟಕ್ಕೆ ಕಾದಾಡಿ, ಐದು ಸುತ್ತು ಮುಗಿದ ಮೇಲೆ ಸಮ-ಸಮ ಅನ್ನಿಸಿಕೊಂಡು ಬರಿಗೈಲಿ ವಾಪಸಾದವನು. ಅವನು ಲೆಕ್ಕ ಹಾಕಿ ಹೆಜ್ಜೆ ಇಡ್ತಾನೆ. ವಾಕರ್ ಆರೂವರೆ ಅಡಿ ಮನುಷ್ಯ, ಯಾವ ಮೂಲೆಯಿಂದ ಮೊಣಕಾಲು ಬರುತ್ತೆ ಗೊತ್ತಾಗೋದಿಲ್ಲ. ಒಬ್ಬ ತಕ್ಕಡಿ, ಒಬ್ಬ ಬಿರುಗಾಳಿ. ನನ್ನ ಲೆಕ್ಕದಲ್ಲಿ ಈ ಪಟ್ಟಿಯ ಅತ್ಯಂತ ನ್ಯಾಯವಾದ ಜೋಡಿ ಇದೇ. ಇಬ್ಬರಿಗೂ ತಯಾರಿಗೆ ಸಮಯ ಇತ್ತು. ಇಬ್ಬರೂ ತಮ್ಮ ತಮ್ಮ ತೂಕದಲ್ಲೇ ಇದ್ದಾರೆ.

ಈಗ ನೋಡಿ, ನಂ. 2 ಮತ್ತು ನಂ. 1. ಇಲ್ಲೇ ಕಥೆ ತಿರುಗೋದು.

ನಂ. 2. ಖಮ್ಜತ್ ಚಿಮಾಯೆವ್ ಮತ್ತು ಕಮರು ಉಸ್ಮಾನ್. ಮೊದಲು ಗೊತ್ತಾಗಿದ್ದ ಜೋಡಿ ಇದಲ್ಲ. ಚಿಮಾಯೆವ್ ಎದುರಿಗೆ ಬ್ರೆಜಿಲ್‌ನ ಪಾಲೊ ಕೋಸ್ಟಾ ಇದ್ದ. ಅವನ ಮೊಣಕೈಗೆ ಸೋಂಕಾಗಿ ಆಪರೇಷನ್ ಆಯ್ತು, ಹೊರಗೆ ಹೋದ. ಹತ್ತು ದಿನ ಇದೆ ಅನ್ನೋವಾಗ ಉಸ್ಮಾನನನ್ನ ಕರೆದರು. ಉಸ್ಮಾನ್ ಸಣ್ಣ ಹೆಸರಲ್ಲ. ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ, ಅಲ್ಲಿನ ಕಾಲೇಜು ಕುಸ್ತಿಯಲ್ಲಿ 2010ರ ಚಾಂಪಿಯನ್. ಆಮೇಲೆ 77 ಕೆ.ಜಿ. ವಿಭಾಗದಲ್ಲಿ ವರ್ಷಗಟ್ಟಲೆ ರಾಜನ ಹಾಗೆ ಕೂತಿದ್ದ. ಕಳೆದ ವರ್ಷ ಲಿಯಾನ್ ಎಡ್ವರ್ಡ್ಸ್ ಕೊನೆಯ ಸುತ್ತಿನ ಕೊನೆಯ ನಿಮಿಷದಲ್ಲಿ ತಲೆಗೆ ಒದ್ದು ಪಟ್ಟ ಕಿತ್ತುಕೊಂಡ. ಈ ಮಾರ್ಚಿನಲ್ಲಿ ಮತ್ತೆ ಸೋತ. ವಯಸ್ಸು 36. ಈಗ ಒಂದು ಮೆಟ್ಟಿಲು ಮೇಲೆ, 84 ಕೆ.ಜಿ. ವಿಭಾಗಕ್ಕೆ ಏರಿ ಕಾದಾಡಬೇಕು.

ಎದುರಿಗೆ ಚಿಮಾಯೆವ್. ಚೆಚೆನ್ಯಾದಲ್ಲಿ ಹುಟ್ಟಿದವನು. ಸ್ವೀಡನ್‌ಗೆ ಹೋಗಿ ಅಲ್ಲಿನ ಕುಸ್ತಿ ಚಾಂಪಿಯನ್ ಆದವನು. ಹನ್ನೆರಡು ಕಾದಾಟ, ಒಂದೂ ಸೋಲಿಲ್ಲ. ಗಂಟೆ ಹೊಡೆದ ಕೂಡಲೇ ಓಡಿ ಬಂದು ಕಾಲು ಹಿಡೀತಾನೆ, ಎತ್ತಿ ಹಾಕ್ತಾನೆ. ಮೊದಲ ಐದು ನಿಮಿಷ ಅವನದು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಉಸ್ಮಾನನ ಕಾಲು ಹಿಡಿದು ಕೆಡವೋದು ಎಲ್ಲರಿಗೂ ಆಗೋ ಕೆಲಸ ಅಲ್ಲ. ಎರಡನೇ ಸುತ್ತಿಗೆ ಹೋದರೆ ಉಸ್ಮಾನನ ಅನುಭವ ಮಾತಾಡುತ್ತೆ. ಇದು ಮೂರೇ ಸುತ್ತು ಅನ್ನೋದು ಚಿಮಾಯೆವ್‌ಗೆ ಅನುಕೂಲ. ಉಸ್ಮಾನನಿಗೆ ಒಂದು ತಿಂಗಳು ಸಿಕ್ಕಿದ್ದರೆ ನಾನು ಬೇರೆ ಮಾತು ಹೇಳ್ತಿದ್ದೆ.

ನಂ. 1. ಇಸ್ಲಾಂ ಮಖಚೇವ್ ಮತ್ತು ಅಲೆಕ್ಸಾಂಡರ್ ವೊಲ್ಕನೋವ್ಸ್ಕಿ. 70 ಕೆ.ಜಿ. ವಿಭಾಗದ ಚಾಂಪಿಯನ್ ಪಟ್ಟಕ್ಕೆ. ಇದೂ ಮೊದಲಿನ ಜೋಡಿ ಅಲ್ಲ. ಮಖಚೇವ್ ಎದುರು ಬ್ರೆಜಿಲ್‌ನ ಚಾರ್ಲ್ಸ್ ಒಲಿವೇರಾ ಇದ್ದ. ಅಭ್ಯಾಸ ಮಾಡುವಾಗ ಅವನ ಹುಬ್ಬು ಸೀಳಿತು. ಹನ್ನೊಂದು ದಿನ ಉಳಿದಾಗ ಆಸ್ಟ್ರೇಲಿಯಾಕ್ಕೆ ಫೋನ್ ಹೋಯ್ತು. ವೊಲ್ಕನೋವ್ಸ್ಕಿ ಹೂಂ ಅಂದ.

ಈ ವೊಲ್ಕನೋವ್ಸ್ಕಿ ನಮ್ಮ ಜನಕ್ಕೆ ಬಹಳ ಇಷ್ಟ ಆಗೋ ಮನುಷ್ಯ. ಹುಡುಗನಾಗಿದ್ದಾಗ ಕುಸ್ತಿಯಲ್ಲಿ ಆಸ್ಟ್ರೇಲಿಯಾದ ಚಾಂಪಿಯನ್. ಆಮೇಲೆ ರಗ್ಬಿ ಆಡಿದ, ಆಗ ತೂಕ 97 ಕೆ.ಜಿ. ಜೀವನಕ್ಕೆ ಕಾಂಕ್ರೀಟ್ ಹಾಕೋ ಕೆಲಸ ಮಾಡಿದವನು. ಅಲ್ಲಿಂದ ಇಳಿದು 65.8 ಕೆ.ಜಿ. ವಿಭಾಗದ ಚಾಂಪಿಯನ್ ಆದ. ಈ ಫೆಬ್ರುವರಿಯಲ್ಲಿ ಪರ್ತ್‌ನಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿ ಇದೇ ಮಖಚೇವ್ ಎದುರು ಇಳಿದ. ಐದೂ ಸುತ್ತು ನಡೆಯಿತು. ತೀರ್ಪುಗಾರರು ಮಖಚೇವ್‌ಗೆ ಕೊಟ್ಟರು. ಆದರೆ ಕೊನೇ ಸುತ್ತಿನಲ್ಲಿ ಮಖಚೇವ್‌ನನ್ನ ಕೆಳಗೆ ಕೆಡವಿ ಗುದ್ದುತ್ತಿದ್ದವನು ಈ ಗಿಡ್ಡ ಮನುಷ್ಯ. ಗೆದ್ದವನು ಯಾರು ಅಂತ ಜನ ಇನ್ನೂ ಜಗಳ ಆಡ್ತಾರೆ. ಆಗ ಅವನಿಗೆ ತಯಾರಿಗೆ ತಿಂಗಳುಗಟ್ಟಲೆ ಸಮಯ ಇತ್ತು. ಈಗ ಹನ್ನೊಂದು ದಿನ. ಜುಲೈನಲ್ಲಿ ಒಂದು ಕಾದಾಟ ಮುಗಿಸಿ ತೋಳಿಗೆ ಆಪರೇಷನ್ ಮಾಡಿಸಿಕೊಂಡಿದ್ದವನು. ವಯಸ್ಸು 35.

ಮಖಚೇವ್‌ನ ಹಿಂದೆ ಒಂದು ಗರಡಿ ಇದೆ. ದಾಗೆಸ್ತಾನದ ಬೆಟ್ಟಗಳಲ್ಲಿ ಅಬ್ದುಲ್‌ಮನಾಪ್ ನುರ್ಮಗೊಮೆದೊವ್ ಅನ್ನೋ ಉಸ್ತಾದ ತಯಾರಿಸಿದ ಹುಡುಗರಲ್ಲಿ ಅವನೂ ಒಬ್ಬ. ಆ ಉಸ್ತಾದನ ಮಗನೇ ಖಬೀಬ್. ತಂದೆ 2020ರ ಜುಲೈನಲ್ಲಿ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ, ಇದೇ ಅಬುಧಾಬಿಯಲ್ಲಿ, ಖಬೀಬ್ ಕೊನೆಯ ಕಾದಾಟ ಗೆದ್ದ. 29 ಕಾದಾಟ, ಒಂದೂ ಸೋಲಿಲ್ಲ. ಗ್ಲೌಸು ಬಿಚ್ಚಿ ನೆಲದ ಮೇಲಿಟ್ಟು, ತಂದೆ ಇಲ್ಲದೆ ಇನ್ನು ಇಳಿಯೋದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದೀನಿ ಅಂತ ಹೇಳಿ ಹೊರಟ. ಆಮೇಲೆ ಎಷ್ಟು ಕೋಟಿಯ ಆಸೆ ಇತ್ತೋ, ಅವನು ತಿರುಗಿ ನೋಡಲಿಲ್ಲ.

ಶನಿವಾರ ಗೆಲ್ಲೋದು ಯಾರು ಅಂತ ಕೇಳಿದರೆ, ಸಮಯ ಇದ್ದವನ ಕಡೆ ನನ್ನ ಕೈ. ಮಖಚೇವ್ ಮತ್ತು ಚಿಮಾಯೆವ್. ಆದರೆ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣೋದು ಬೇರೆ. ಈ ಎರಡು ದೊಡ್ಡ ಜೋಡಿಗಳನ್ನ ಕಟ್ಟಿದ್ದು ಯಾರು? ಟಿಕೆಟು ಮಾರಾಟ ಆಗಿದೆ, ಟಿವಿ ಹಕ್ಕು ಮಾರಾಟ ಆಗಿದೆ. ಪೋಸ್ಟರಿನಲ್ಲಿ ಖಾಲಿ ಜಾಗ ಇರಬಾರದು. ಅದಕ್ಕೆ ಇಬ್ಬರನ್ನ ಕರೆದರು. ಅವರು ಬಂದರು. ಯಾಕೆ ಬಂದರು ಅಂದರೆ ಅವರು ಕಾದಾಡೋರು, ಬೇಡ ಅನ್ನೋದು ಅವರ ರಕ್ತದಲ್ಲಿಲ್ಲ. ಪೈಲ್ವಾನನ ಬಾಯಲ್ಲಿ 'ಬ್ಯಾಡ' ಅನ್ನೋ ಶಬ್ದ ಬರೋದಿಲ್ಲ, ಬರಬೇಕಂತಲೂ ಇಲ್ಲ. ಅದನ್ನ ಅವನ ಪರವಾಗಿ ಹೇಳೋನೊಬ್ಬ ಪಕ್ಕದಲ್ಲಿ ಇರಬೇಕು.

ನಮ್ಮ ಗರಡಿಯಲ್ಲಿ ಆ ಮನುಷ್ಯ ಇದ್ದ. ಅವನೇ ಉಸ್ತಾದ. ಕುಸ್ತಿ ಮೈದಾನದಲ್ಲಿ ಹಲಗಿ ಬಾರಿಸ್ತಿರ್ತಾರೆ. ಒಬ್ಬ ಹುಡುಗ ಲಂಗೋಟಿ ಕಟ್ಟಿ ಕೈ ಮೇಲೆತ್ತಿ ಅಖಾಡದ ಸುತ್ತ ತಿರುಗ್ತಾನೆ, ನನ್ನ ಜೊತೆ ಯಾರು ಬರ್ತೀರಿ ಅಂತ. ಜನರ ನಡುವಿನಿಂದ ಇನ್ನೊಬ್ಬ ಅಂಗಿ ಬಿಚ್ಚಿ ಏಳ್ತಾನೆ. ಆಗ ಉಸ್ತಾದ ಅವನ ರಟ್ಟೆ ಹಿಡಿದು ಕೂಡಿಸ್ತಾನೆ. 'ಇವತ್ತ ಬ್ಯಾಡ, ಕುಂದರು. ಮುಂದಿನ ವರ್ಷ ನೋಡೋಣ.' ಹುಡುಗನಿಗೆ ಸಿಟ್ಟು ಬರುತ್ತೆ, ಜನ ನಗ್ತಾರೆ. ಉಸ್ತಾದ ಲೆಕ್ಕಕ್ಕಿಡೋದಿಲ್ಲ. ಅವನಿಗೆ ಇವತ್ತಿನ ಇನಾಮಲ್ಲ, ಆ ಹುಡುಗನ ಮುಂದಿನ ಹತ್ತು ವರ್ಷ ಕಾಣ್ತಿರುತ್ತೆ.

ಗಾಮಾ ಪೈಲ್ವಾನರ ಕಥೆ ನಿಮಗೆ ಗೊತ್ತು. 1910ರಲ್ಲಿ ಲಂಡನ್‌ನಲ್ಲಿ ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆ ನೆಲ ಬಿಟ್ಟು ಏಳಲೇ ಇಲ್ಲ, ತೀರ್ಮಾನ ಆಗಲಿಲ್ಲ. ಆ ಜೋಡಿ ಮತ್ತೆ ಕೂಡಿದ್ದು 1928ರಲ್ಲಿ, ಪಟಿಯಾಲದಲ್ಲಿ. ಹದಿನೆಂಟು ವರ್ಷ! ಒಂದು ನಿಮಿಷದೊಳಗೆ ಗಾಮಾ ಅವನನ್ನ ಚಿತ್ ಮಾಡಿದರು. ಸರಿಯಾದ ಜೋಡಿಗೆ ಜನ ಹದಿನೆಂಟು ವರ್ಷ ಕಾದಿದ್ದರು. ಇವತ್ತಿನ ಮಾರುಕಟ್ಟೆ ಹದಿನೆಂಟು ದಿನ ಕಾಯೋದಿಲ್ಲ.

ರಕ್ತ ಹರಿಯೋ ಆಟ ನಮಗೆ ಹೊಸದು ಅಂತ ಯಾರೂ ಹೇಳಬೇಡಿ. ಬರೋ ಮಂಗಳವಾರ ವಿಜಯದಶಮಿ. ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಇಳೀತಾರೆ. ಯುಎಫ್‌ಸಿಗಿಂತ ಅದು ಭೀಕರ. ಆದರೆ ಅಲ್ಲಿ ಒಂದು ನಿಯಮ ಇದೆ. ಒಂದು ಹನಿ ರಕ್ತ ಕಂಡಿತೋ, ಮುಗೀತು. ಹಿರಿಯರು ನಡುವೆ ಬಂದು ಬಿಡಿಸ್ತಾರೆ. ಕಣ್ಣು ಮಿಟುಕಿಸೋದರಲ್ಲಿ ಕಾಳಗ ಮುಗಿದು ಹೋಗಿರುತ್ತೆ. ಶತಮಾನಗಳ ಹಿಂದೆ ಆ ಪದ್ಧತಿ ಕಟ್ಟಿದವರಿಗೆ, ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿತ್ತು.

ಈಗ ನಮ್ಮ ಊರಿಗೆ ಬರೋಣ.

2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ಆಯ್ತು. ರಾಜ್ಯದ ಮೂಲೆಮೂಲೆಯಿಂದ ಪೈಲ್ವಾನರು ಬಂದರು. ಹುಡುಗಿಯರೂ ಬಂದರು. ಮೈದಾನ ತುಂಬಿತ್ತು. ನಮ್ಮಲ್ಲಿ ಕುಸ್ತಿ ಸತ್ತಿದೆ ಅನ್ನೋರು ಆ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರು. ಬಾಗಲಕೋಟೆ ಕಡೆಯ ಅರ್ಜುನ್ ಹಲಕುರ್ಕಿ ಅದೇ ತಿಂಗಳು ದೆಹಲಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕೆ.ಜಿ. ಗ್ರೀಕೊ-ರೋಮನ್ ವಿಭಾಗದಲ್ಲಿ ಕಂಚು ಗೆದ್ದ. ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್‌ನ 52 ಕೆ.ಜಿ. ವಿಭಾಗದಲ್ಲಿ ಕಂಚು ತಂದಳು. ಕುರಾಶ್ ಅಂದರೆ ಸೊಂಟಪಟ್ಟಿ ಹಿಡಿದು ಎತ್ತಿ ಒಗೆಯೋ ಮಧ್ಯ ಏಷ್ಯಾದ ಕುಸ್ತಿ. ಹಿಂದಕ್ಕೆ ಹೋದರೆ 1959ರಲ್ಲಿ ಬಂತಾ ಸಿಂಗರನ್ನ ಸೋಲಿಸಿ ಹಿಂದ್ ಕೇಸರಿ ಆದ ಶ್ರೀಪತಿ ಖಂಚನಾಳೆ. ಅವರು ಹುಟ್ಟಿದ್ದು ನಮ್ಮ ಚಿಕ್ಕೋಡಿ ಕಡೆಯ ಯಕ್ಸಂಬಾದಲ್ಲಿ. ಬೆಳೆದದ್ದು ಕೊಲ್ಹಾಪುರದಲ್ಲಿ. ಯಾಕೆ? ಅಲ್ಲಿ ತಾಲೀಮು ಇತ್ತು, ಖುರಾಕು ಇತ್ತು, ಉಸ್ತಾದರಿದ್ದರು.

ಅಂದರೆ ನಮ್ಮ ಮಣ್ಣಿಗೆ ಬಲದ ಬರ ಯಾವತ್ತೂ ಇರಲಿಲ್ಲ. ಬರ ಇದ್ದದ್ದು ನೋಡಿಕೊಳ್ಳೋರಿಗೆ. ಹಾಲು, ತುಪ್ಪ, ಬಾದಾಮಿಯ ಖರ್ಚು ಇವತ್ತು ಒಬ್ಬ ರೈತನ ಮನೆ ತಡೆಯೋದಿಲ್ಲ. ಮಂಡಿಯ ಹುರಿ ಹರಿದರೆ ಆಪರೇಷನ್ನಿಗೆ ಹೊಲ ಒತ್ತೆ. ಇಂಥ ಹುಡುಗನ ಮೊಬೈಲಿನಲ್ಲಿ ಅಬುಧಾಬಿಯ ಬೆಳಕು ಕಾಣುತ್ತೆ. ನಾನೂ ಹೋಗ್ತೀನಿ ಅಂತಾನೆ. ತಪ್ಪೇನಿದೆ? ಕಾಲು ಹಿಡಿಯೋದು, ಎತ್ತಿ ಹಾಕೋದು, ಮೇಲೆ ಕೂತು ಏಳದ ಹಾಗೆ ಅಮುಕೋದು, ಇವೆಲ್ಲ ಅವನಿಗೆ ಬರುತ್ತೆ. ಶನಿವಾರದ ಪಟ್ಟಿಯಲ್ಲಿ ಮೇಲಿರೋ ನಾಲ್ವರಲ್ಲಿ ಮೂವರು ಕುಸ್ತಿಯಿಂದಲೇ ಬಂದವರು. ಇನ್ನೊಬ್ಬ ಮಖಚೇವ್, ಅದರ ಅಣ್ಣತಮ್ಮನಂಥ ಸಾಂಬೊದಿಂದ ಬಂದವನು.

ನನ್ನ ಭಯ ಅವನು ಹೋಗೋದರ ಬಗ್ಗೆ ಅಲ್ಲ, ಒಬ್ಬನೇ ಹೋಗೋದರ ಬಗ್ಗೆ.

ಕುಸ್ತಿಯಲ್ಲೇ ಈ ವರ್ಷ ಏನಾಯ್ತು ನೋಡಿ. ದೇಶಕ್ಕೆ ಪದಕ ತಂದ ಹೆಣ್ಣುಮಕ್ಕಳು ಜಂತರ್ ಮಂತರ್‌ನ ರಸ್ತೆಯಲ್ಲಿ ಮಲಗಿದರು. ಫೆಡರೇಷನ್ನಿನ ಚುನಾವಣೆ ಆಗಲಿಲ್ಲ ಅಂತ ಆಗಸ್ಟಿನಲ್ಲಿ ವಿಶ್ವ ಕುಸ್ತಿ ಸಂಸ್ಥೆ ನಮ್ಮನ್ನ ಅಮಾನತು ಮಾಡಿತು. ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂತಿಮ್ ಪಂಘಾಲ್ ಅನ್ನೋ ಹುಡುಗಿ ಕಂಚು ಗೆದ್ದಳು, ಆದರೆ ತನ್ನ ದೇಶದ ಬಾವುಟದ ಕೆಳಗೆ ಅಲ್ಲ. ಇದೇ ತಿಂಗಳು ಮುಗಿದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕುಸ್ತಿಗೆ ಆರು ಪದಕ, ಒಂದೂ ಚಿನ್ನ ಇಲ್ಲ. ಸರ್ಕಾರದ ಮಾನ್ಯತೆ ಇರೋ ಆಟದಲ್ಲೇ ಆಟಗಾರನ ಪರ ನಿಲ್ಲೋರು ಇಷ್ಟು ಕಡಿಮೆ. ಹಾಗಿರುವಾಗ ಒಂದು ಕಂಪನಿ ನಡೆಸೋ ಆಟದಲ್ಲಿ ನಮ್ಮ ನವಲಗುಂದದ, ಕುಂದಗೋಳದ ಹುಡುಗನ ರಟ್ಟೆ ಹಿಡಿದು 'ಇವತ್ತ ಬ್ಯಾಡ' ಅನ್ನೋರು ಯಾರು?

ಹಾಗಾಗಿ ತಂದೆ-ತಾಯಿಗಳಿಗೆ ನನ್ನದೊಂದು ಮಾತು. ಮಗ ಈ ಆಟಕ್ಕೆ ಹೋಗ್ತೀನಿ ಅಂದರೆ ಬೈಯಬೇಡಿ. ಕಲಿಸೋರ ಹತ್ತಿರ ಹೋಗಿ ಮೂರು ಪ್ರಶ್ನೆ ಕೇಳಿ. ನನ್ನ ಮಗನ ಜೋಡಿ ಗೊತ್ತು ಮಾಡೋರು ಯಾರು? ತಲೆಗೆ ಪೆಟ್ಟು ಬಿದ್ದರೆ ಎಷ್ಟು ತಿಂಗಳು ಕೂಡಿಸ್ತೀರಿ? ಇಳಿದ ಮೇಲೆ ಸಾಕು ಅಂತ ಟವೆಲ್ ಒಗೆಯೋ ಧೈರ್ಯ ನಿಮಗಿದೆಯಾ? ಮೂರಕ್ಕೂ ನೇರ ಉತ್ತರ ಬಂದರೆ ಕಳಿಸಿ. ಫೀಸು ಎಷ್ಟು, ಎಸಿ ಇದೆಯಾ, ಕನ್ನಡಿ ಎಷ್ಟು ದೊಡ್ಡದಿದೆ ಅನ್ನೋದನ್ನ ಆಮೇಲೆ ಕೇಳಿ.

ಸರ್ಕಾರಕ್ಕೂ ಒಂದು ಮಾತಿದೆ. ಹಬ್ಬ ಮಾಡಿದಿರಿ, ಸಂತೋಷ. ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡ್ತೀರಿ, ಅದೂ ಒಳ್ಳೇದು. ಆದರೆ ಆ ಹಿರಿಯರನ್ನ ತಿಂಗಳಿಗೊಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಿ ಸುಮ್ಮನಾಗಬೇಡಿ. ಅವರನ್ನ ಗರಡಿಗೆ ಕರೆತನ್ನಿ. ಹುಡುಗನ ಮೈ ಮುಟ್ಟಿ ನೋಡಿ ಇವನು ಇವತ್ತು ತಯಾರಿದ್ದಾನೋ ಇಲ್ಲವೋ ಅಂತ ಹೇಳೋ ವಿದ್ಯೆ ಅವರ ಕೈಯಲ್ಲಿದೆ. ಅದು ಯಾವ ಯಂತ್ರಕ್ಕೂ ಬರೋದಿಲ್ಲ. ಅವರ ಜೊತೆಗೇ ಹೋಗೋ ವಿದ್ಯೆ ಅದು.

ಶನಿವಾರ ಸಂಜೆ ಏಳೂವರೆಗೆ ಸಣ್ಣ ಜೋಡಿಗಳು ಶುರು, ದೊಡ್ಡವು ರಾತ್ರಿ ಹನ್ನೊಂದೂವರೆಯ ನಂತರ. ನೋಡಿ. ಜುಬ್ಲಿಗೆ ಒಂದು ಚಪ್ಪಾಳೆ ಹೊಡೀರಿ, ಗೆದ್ದರೂ ಸರಿ, ಸೋತರೂ ಸರಿ. ಗುದ್ದು ಬೀಳುವಾಗ ಬಲೆಯ ಆಚೆ ನಿಂತವರ ಮುಖಾನೂ ಒಂದ್ಸಲ ನೋಡಿ. ಹುಡುಗ ಗೆಲ್ಲಲಿ ಅಂತ ನಿಂತವರು ಯಾರು, ಹುಡುಗ ಮನೆಗೆ ಹೋಗಲಿ ಅಂತ ನಿಂತವರು ಯಾರು ಅಂತ ಗೊತ್ತಾಗುತ್ತೆ.

ಸೋಮವಾರ ಖಂಡೇನವಮಿ. ಗರಡಿಯಲ್ಲಿ ಗದೆಗೆ, ಮಣ್ಣಿಗೆ ಪೂಜೆ. ಮಂಗಳವಾರ ಬನ್ನಿ. ಬನ್ನಿ ತಗೊಂಡು ಬಂಗಾರದಂಗ ಇರೋಣ. ನಮಸ್ಕಾರ.

*

ಪುಸ್ತಕಕ್ಕೆ ಸೇರಿಸುವಾಗ: ಅಂಶುಲ್ ಜುಬ್ಲಿ ಮೂರನೇ ಸುತ್ತಿನಲ್ಲಿ ಬ್ರೀಡನ್‌ನ ಗುದ್ದಿಗೆ ನಾಕೌಟ್ ಆದ. ಅಂಕಲಾಯೆವ್–ವಾಕರ್ ಕಾದಾಟ ನಿಯಮಬಾಹಿರ ಮೊಣಕಾಲಿನ ಪೆಟ್ಟಿನಿಂದಾಗಿ ಮೊದಲ ಸುತ್ತಿನಲ್ಲೇ ನಿಂತು, ಫಲಿತಾಂಶವಿಲ್ಲದೆ ಮುಗಿಯಿತು. ಚಿಮಾಯೆವ್ ತೀರ್ಪುಗಾರರ ಅಂಕದ ಮೇಲೆ ಗೆದ್ದ. ಮಖಚೇವ್ ಮೊದಲ ಸುತ್ತಿನಲ್ಲೇ ತಲೆಗೆ ಒದ್ದು ವೊಲ್ಕನೋವ್ಸ್ಕಿಯನ್ನು ಮಲಗಿಸಿದ. ಆ ರಾತ್ರಿ ಪತ್ರಕರ್ತರ ಮುಂದೆ ವೊಲ್ಕನೋವ್ಸ್ಕಿ, ಕಾದಾಟ ಇಲ್ಲದೆ ಕೂತರೆ ಮನಸ್ಸು ಹದಗೆಡುತ್ತದೆ, ಅದಕ್ಕೇ ಒಪ್ಪಿಕೊಂಡೆ ಎಂಬರ್ಥದ ಮಾತಾಡಿ ಕಣ್ಣು ಒದ್ದೆ ಮಾಡಿಕೊಂಡ. ನಾಲ್ಕು ತಿಂಗಳೊಳಗೆ, 2024ರ ಫೆಬ್ರುವರಿಯಲ್ಲಿ, ಮತ್ತೆ ಬಲೆಯೊಳಗೆ ಇಳಿದು ಮತ್ತೆ ನಾಕೌಟ್ ಆದ, ತನ್ನದೇ ವಿಭಾಗದ ಪಟ್ಟ ಕಳೆದುಕೊಂಡ. ಯುಎಫ್‌ಸಿಯಲ್ಲಿ ಭಾರತದ ಮೊದಲ ಗೆಲುವು 2024ರ ಜೂನ್‌ನಲ್ಲಿ ಬಂತು. ತಂದವಳು ಒಬ್ಬ ಹೆಣ್ಣುಮಗಳು, ಉತ್ತರ ಪ್ರದೇಶದ ಪೂಜಾ ತೋಮರ್.